ಒಂದು ಲಕ್ಷ ಪೌಂಡಿನ ಎಂಜಿನ್ನು

ಹಾಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಜಾಂಡ್‌ವೋರ್ಟ್ ಎಂಬ ಊರಿದೆ. ಅದರ ಮಗ್ಗುಲಲ್ಲಿ, ಮರಳದಿಬ್ಬಗಳ ನಡುವೆ ಬಳಸಿಕೊಂಡು ಹೋಗುವ ಮೋಟಾರು ಪಂದ್ಯದ ಹಾದಿಯಿದೆ. 1967ನೆಯ ಇಸವಿ ಜೂನ್ 4ರಂದು ಅಲ್ಲಿ ಡಚ್ ಗ್ರ್ಯಾಂಡ್ ಪ್ರಿ ಪಂದ್ಯ ನಡೆಯಿತು. ಸಾಲಿನ ಮುಂಚೂಣಿಯಲ್ಲಿ ನಿಂತಿದ್ದುದು ಹಸಿರು ಮೈಯ ಮೇಲೆ ಹಳದಿ ಪಟ್ಟೆಯನ್ನು ಧರಿಸಿದ ಲೋಟಸ್ ಕಾರು. ಅದರ ಚಾಲಕ ಗ್ರಹಾಂ ಹಿಲ್. ಅದೇ ಜಾತಿಯ ಇನ್ನೊಂದು ಕಾರಿನಲ್ಲಿ, ಎಂಟನೆಯ ಸ್ಥಾನದಲ್ಲಿ, ಸ್ಕಾಟ್ಲೆಂಡಿನ ರೈತ ಮನೆತನದ ಜಿಮ್ ಕ್ಲಾರ್ಕ್ ಕುಳಿತಿದ್ದ. ಪಂದ್ಯಕ್ಕೆ ಮುಂಚಿನ ಅಭ್ಯಾಸದ ಓಟಗಳವರೆಗೆ ಕ್ಲಾರ್ಕ್ ಆ ಹೊಸ ಕಾರನ್ನು ಓಡಿಸಿಯೇ ನೋಡಿರಲಿಲ್ಲ. ಇಬ್ಬರ ಬೆನ್ನ ಹಿಂದೆಯೂ ಇದ್ದುದು ಅದುವರೆಗೆ ಯಾವ ಪಂದ್ಯವನ್ನೂ ಕಾಣದ ಎಂಜಿನ್ನು.

ಬಾವುಟ ಕೆಳಗಿಳಿಯಿತು. ಹಿಲ್ ಬಾಣದಂತೆ ಮುಂದೆ ಸಾಗಿ ಹತ್ತು ಸುತ್ತುಗಳವರೆಗೆ ಯಾರಿಗೂ ಸಿಗದೆ ಓಡಿದ. ಹನ್ನೊಂದನೆಯ ಸುತ್ತಿನಲ್ಲಿ ಎಂಜಿನ್ನು ಸದ್ದಡಗಿತು. ಆದರೆ ಅಷ್ಟರಲ್ಲಿ ಕ್ಲಾರ್ಕ್ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬರುತ್ತಿದ್ದ. ಹದಿನಾರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಾದವನು ತೊಂಬತ್ತನೆಯ ಸುತ್ತು ಮುಗಿಯುವವರೆಗೂ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಮೊದಲ ಪಂದ್ಯದಲ್ಲೇ ಗೆಲುವು! ನೋಡಿದ ಸಾವಿರಾರು ಮಂದಿ ಚಪ್ಪಾಳೆ ತಟ್ಟಿದರು. ಆದರೆ ಆ ಎಂಜಿನ್ನನ್ನು ಕಟ್ಟಿದವನ ಮನಸ್ಸಿನಲ್ಲಿ ಚಪ್ಪಾಳೆಗಿಂತ ಹೆಚ್ಚಾಗಿ ಕೊರೆಯುತ್ತಿದ್ದುದು ಹಿಲ್‌ನ ಎಂಜಿನ್ನಿನೊಳಗೆ ಮುರಿದುಹೋದ ಹಲ್ಲುಚಕ್ರ. ಗೆದ್ದ ಎಂಜಿನ್ನಿನಲ್ಲಿ ಇದ್ದುದೂ ಅದೇ ಬಗೆಯ ಚಕ್ರವೇ.

ಆ ಎಂಜಿನ್ನಿನ ಹೆಸರು ಡಿ. ಎಫ್. ವಿ. ಅದರ ಹಿಂದೆ ಒಂದು ಲಕ್ಷ ಪೌಂಡು ಹಣವಿತ್ತು, ಒಬ್ಬ ಮನುಷ್ಯನ ದೇಹಶ್ರಮವಿತ್ತು, ಒಂದು ಸಣ್ಣ ಕಾರ್ಖಾನೆಯ ಮಾನವಿತ್ತು. ಓಟದ ಎಂಜಿನ್ನೊಂದನ್ನು ಕಟ್ಟಲು ಏನೇನು ತೆರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಎಂಜಿನ್ನಿಲ್ಲದ ಕಾರು

ಗ್ರ್ಯಾಂಡ್ ಪ್ರಿ ಕಾರುಗಳ ಎಂಜಿನ್ನು ಎಷ್ಟು ದೊಡ್ಡದಿರಬಹುದೆಂಬುದನ್ನು ನಿಯಮಗಳು ಗೊತ್ತುಮಾಡುತ್ತವೆ. 1961ರಿಂದ 1965ರವರೆಗೆ ಆ ಮಿತಿ ಒಂದೂವರೆ ಲೀಟರು. 1966ರಿಂದ ಮೂರು ಲೀಟರಿನ ಎಂಜಿನ್ನುಗಳಿಗೆ ಅವಕಾಶವೆಂದು ಹೊಸ ನಿಯಮ ಹೊರಟಿತು. ಶಕ್ತಿ ಒಮ್ಮೆಲೇ ಇಮ್ಮಡಿಯಾಗುವ ಕಾಲ ಬಂದಿತ್ತು. ಆದರೆ ಅದೇ ಹೊತ್ತಿಗೆ ಇಂಗ್ಲೆಂಡಿನ ಕಾರು ಕಟ್ಟುವವರಿಗೆ ಒಂದು ಆಘಾತ ಕಾದಿತ್ತು. ಅವರಿಗೆ ಎಂಜಿನ್ನುಗಳನ್ನು ಒದಗಿಸುತ್ತಿದ್ದ ಕವೆಂಟ್ರಿ ಕ್ಲೈಮ್ಯಾಕ್ಸ್ ಸಂಸ್ಥೆ ತಾನು ಮೂರು ಲೀಟರಿನ ಎಂಜಿನ್ನು ಮಾಡುವುದಿಲ್ಲವೆಂದು 1965ರಲ್ಲಿ ತಿಳಿಸಿಬಿಟ್ಟಿತು. ಬೆಂಕಿ ಆರಿಸುವ ಪಂಪುಗಳಿಗೆ ಹಗುರವಾದ ಎಂಜಿನ್ನು ಮಾಡುತ್ತ ಮೋಟಾರು ಪಂದ್ಯಗಳಿಗೆ ಬಂದ ಸಂಸ್ಥೆ ಅದು. ಕ್ಲಾರ್ಕ್ 1963ರಲ್ಲಿಯೂ 1965ರಲ್ಲಿಯೂ ವಿಶ್ವವಿಜೇತನಾದದ್ದು ಅದರ ಎಂಜಿನ್ನಿನಿಂದಲೇ. ಹೊಸದೊಂದನ್ನು ಮೊದಲಿನಿಂದ ಕಟ್ಟುವ ವೆಚ್ಚ ಅದಕ್ಕೆ ಬೇಡವಾಯಿತು.

ಲೋಟಸ್ ಸಂಸ್ಥೆಯ ಒಡೆಯ ಕಾಲಿನ್ ಚಾಪ್ಮನ್‌ನ ಬಳಿ ಜಗತ್ತಿನ ಅತ್ಯುತ್ತಮ ಚಾಲಕನಿದ್ದ. ಕಾರು ರೂಪಿಸುವ ಜಾಣ್ಮೆಯಿತ್ತು. ಎಂಜಿನ್ನು ಮಾತ್ರ ಇರಲಿಲ್ಲ. 1966ರಲ್ಲಿ ಆತ ಬಿ. ಆರ್. ಎಂ. ಸಂಸ್ಥೆಯ ಹದಿನಾರು ಸಿಲಿಂಡರಿನ ಎಂಜಿನ್ನನ್ನು ಎರವಲು ತಂದು ಕಾರಿಗೆ ಜೋಡಿಸಿದ. ಎಂಟೆಂಟು ಸಿಲಿಂಡರಿನ ಎರಡು ಎಂಜಿನ್ನುಗಳನ್ನು ಒಂದರ ಮೇಲೊಂದು ಪೇರಿಸಿದಂತಿದ್ದ ಆ ಯಂತ್ರ ಆನೆಯಷ್ಟು ಭಾರ, ಮಗುವಿನಷ್ಟು ನಾಜೂಕು. ತನ್ನ ಜೀವಮಾನದಲ್ಲಿ ಅದು ಗೆದ್ದುದು ಒಂದೇ ಒಂದು ಗ್ರ್ಯಾಂಡ್ ಪ್ರಿ. 1966ರಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ, ಅದೂ ಕ್ಲಾರ್ಕನ ಕೈಯಲ್ಲಿ. ಅದನ್ನು ನಂಬಿ ಸಂಸಾರ ಮಾಡುವಂತಿರಲಿಲ್ಲ.

ಇಬ್ಬರು ಗೆಳೆಯರ ಕಾರ್ಖಾನೆ

ಚಾಪ್ಮನ್‌ನ ಕಣ್ಣು ಬಿದ್ದುದು ತನ್ನ ಬಳಿಯೇ ಹಿಂದೆ ಕೆಲಸ ಮಾಡಿ ಜಗಳವಾಡಿಕೊಂಡು ಹೋಗಿದ್ದ ಕೀತ್ ಡಕ್‌ವರ್ತ್ ಎಂಬ ಎಂಜಿನಿಯರನ ಮೇಲೆ. ಡಕ್‌ವರ್ತ್ 1933ರಲ್ಲಿ ಲಂಕಾಶೈರಿನ ಬ್ಲ್ಯಾಕ್‌ಬರ್ನ್ ಎಂಬಲ್ಲಿ ಹುಟ್ಟಿದವನು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1955ರಲ್ಲಿ ಪದವಿ ಪಡೆದ. ಲೋಟಸ್ ಸಂಸ್ಥೆಯಲ್ಲಿ ಗೇರು ಪೆಟ್ಟಿಗೆಯನ್ನು ಸರಿಪಡಿಸುವ ಕೆಲಸ ಸಿಕ್ಕಿತು. ಅದನ್ನು ತೇಪೆ ಹಾಕಿ ಸರಿಪಡಿಸುವುದಲ್ಲ, ಹೊಸದಾಗಿಯೇ ರೂಪಿಸಬೇಕೆಂಬುದು ಆತನ ಹಟ. ಅಷ್ಟಕ್ಕೆ ಹಣವಿಲ್ಲವೆಂಬುದು ಚಾಪ್ಮನ್‌ನ ವಾದ. ನಂಬಿಕೆಯಿಲ್ಲದ ಕೆಲಸದಲ್ಲಿ ಕಾಲ ಕಳೆಯಲಾರೆನೆಂದು ಡಕ್‌ವರ್ತ್ ಹೊರಬಿದ್ದ.

1958ರಲ್ಲಿ ಆತ ಗೆಳೆಯ ಮೈಕ್ ಕಾಸ್ಟಿನ್‌ನೊಡನೆ ಸೇರಿ ಒಂದು ಸಣ್ಣ ಸಂಸ್ಥೆ ತೆರೆದ. ಒಬ್ಬನ ಹೆಸರಿನ ತಲೆಯನ್ನೂ ಇನ್ನೊಬ್ಬನ ಹೆಸರಿನ ಬಾಲವನ್ನೂ ಕೂಡಿಸಿದಾಗ ಕಾಸ್‌ವರ್ತ್ ಎಂಬ ಹೆಸರಾಯಿತು. ಕಾಸ್ಟಿನ್ ಕರಾರಿನಂತೆ ಕೆಲವು ವರ್ಷ ಲೋಟಸ್‌ನಲ್ಲಿಯೇ ಉಳಿಯಬೇಕಾಗಿದ್ದುದರಿಂದ ಮೊದಮೊದಲು ಭಾರವೆಲ್ಲ ಡಕ್‌ವರ್ತನ ಹೆಗಲ ಮೇಲೆಯೇ ಬಿತ್ತು. ಅವರಿಗೆ ಅನ್ನ ಕೊಟ್ಟುದು ಫೋರ್ಡ್ ಆಂಗ್ಲಿಯ ಕಾರಿನ ಪುಟ್ಟ ಎಂಜಿನ್ನು. ಸಂಸಾರಸ್ಥರು ಪೇಟೆಗೆ ಹೋಗಿಬರಲೆಂದು ಮಾಡಿದ, 39 ಅಶ್ವಶಕ್ತಿಯ ಆ ಯಂತ್ರದಿಂದ ಡಕ್‌ವರ್ತ್ ಅದರ ಎರಡು ಪಟ್ಟು ಶಕ್ತಿಯನ್ನು ಹೊರಡಿಸಿದ. 1960ರಿಂದ ಎಳೆಯ ಚಾಲಕರ ಪಂದ್ಯಗಳಲ್ಲೆಲ್ಲ ಆ ಎಂಜಿನ್ನುಗಳಿಗೆ ಬೇಡಿಕೆ ಬಂದಿತು. 1964ರಲ್ಲಿ ಸಂಸ್ಥೆ ನಾರ್ಥಾಂಪ್ಟನ್ ನಗರಕ್ಕೆ ಹೋಗಿ ನೆಲೆಸಿತು. ಆದರೂ ಅದು ಸಣ್ಣ ಸಂಸ್ಥೆಯೇ. ಬೇರೆಯವರ ಎಂಜಿನ್ನನ್ನು ತಿದ್ದುವುದು ಒಂದು ಮಾತು. ಬರಿಯ ಕಾಗದದಿಂದ ತೊಡಗಿ ಎಂಟು ಸಿಲಿಂಡರಿನ ಎಂಜಿನ್ನನ್ನು ಹುಟ್ಟಿಸುವುದು ಬೇರೆಯೇ ಮಾತು.

ಚಾಪ್ಮನ್ ಕೇಳಿದಾಗ, ತನಗೆ ಒಂದು ಲಕ್ಷ ಪೌಂಡು ಬೇಕಾಗುತ್ತದೆ ಎಂದು ಡಕ್‌ವರ್ತ್ ಹೇಳಿದ.

ಹಣ ಕೊಡುವವರು ಯಾರು?

ಚಾಪ್ಮನ್ ಹಲವರ ಬಾಗಿಲು ತಟ್ಟಿದ. ಕೊನೆಗೆ ಕಿವಿಗೊಟ್ಟವನು ಬ್ರಿಟನ್ನಿನ ಫೋರ್ಡ್ ಸಂಸ್ಥೆಯ ಪ್ರಚಾರಾಧಿಕಾರಿ ವಾಲ್ಟರ್ ಹೇಯ್ಸ್. ಈತ ಮೊದಲು ಪತ್ರಿಕಾ ಸಂಪಾದಕನಾಗಿದ್ದವನು. ಚಾಪ್ಮನ್‌ನಿಂದ ಮೋಟಾರು ಲೇಖನಗಳನ್ನು ಬರೆಸಿದ್ದವನು. 1962ರಲ್ಲಿ ಫೋರ್ಡಿಗೆ ಬಂದಿದ್ದ. ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಹಾರ್ಲಿ ಕಾಪ್ ಆತನ ಪಕ್ಷಕ್ಕೆ ನಿಂತ. ಸಂಸ್ಥೆಯ ಹಿರಿಯರ ಸಭೆಯ ಕೊನೆಯಲ್ಲಿ, ‘ಇತರ ವಿಷಯಗಳು’ ಎಂಬ ಸಾಲಿನಲ್ಲಿ ಪ್ರಸ್ತಾಪ ಬಂದು, ಹೆಚ್ಚು ಚರ್ಚೆಯಿಲ್ಲದೆ ಒಪ್ಪಿಗೆ ಪಡೆಯಿತು. ಲಕ್ಷಾಂತರ ಕಾರುಗಳನ್ನು ಮಾಡಿ ಮಾರುವ ಸಂಸ್ಥೆಗೆ ಅದು ದೊಡ್ಡ ಮೊತ್ತವಾಗಿರಲಿಲ್ಲ. ಕಟ್ಟುವವನಿಗೆ ಮಾತ್ರ ಅದು ಜೀವಮಾನದ ಹೊಣೆ.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿದ ಮೇಲೆ ಒಂದು ಪೌಂಡಿಗೆ 21 ರೂಪಾಯಿ. ಒಂದು ಲಕ್ಷ ಪೌಂಡೆಂದರೆ 21 ಲಕ್ಷ ರೂಪಾಯಿ! ಈ ಹಣದಲ್ಲಿ ಎರಡು ಎಂಜಿನ್ನುಗಳು ಹುಟ್ಟಬೇಕೆಂದು ಕರಾರು. ಮೊದಲನೆಯದು ಫೋರ್ಡ್ ಕಾರ್ಟಿನ ಕಾರಿನ ಎಂಜಿನ್ನಿನ ಒಡಲನ್ನು ಬಳಸಿಕೊಂಡು ಎರಡನೆಯ ದರ್ಜೆಯ ಪಂದ್ಯಗಳಿಗೆ ರೂಪಿಸಬೇಕಾದ ನಾಲ್ಕು ಸಿಲಿಂಡರಿನ ಎಫ್. ವಿ. ಎ. ಅದರಲ್ಲಿ ಕಲಿತ ಪಾಠದ ಮೇಲೆ ಎಂಟು ಸಿಲಿಂಡರಿನ ಡಿ. ಎಫ್. ವಿ.

ಇಷ್ಟು ಹಣ ಸುರಿದರೆ ಗೆಲುವು ಬಂದೇ ಬರುತ್ತದೆಯೆ? ಇಲ್ಲವೆಂಬುದನ್ನು ಇಂಗ್ಲೆಂಡು ಅಷ್ಟರಲ್ಲಿ ಕಂಡುಂಡಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೇಶದ ಹಲವಾರು ಕೈಗಾರಿಕಾ ಸಂಸ್ಥೆಗಳು ಹಣ, ಸಾಮಗ್ರಿಗಳನ್ನು ಕೂಡಿಸಿಕೊಟ್ಟು ಬಿ. ಆರ್. ಎಂ. ಎಂಬ ಪಂದ್ಯದ ಕಾರನ್ನು ಮಾಡಿಸಿದವು. ಒಂದೂವರೆ ಲೀಟರಿನೊಳಗೆ ಹದಿನಾರು ಸಿಲಿಂಡರುಗಳು. ಕಿವಿ ಗಡಚಿಕ್ಕುವ ಆರ್ಭಟ. 1950ರ ಆಗಸ್ಟಿನಲ್ಲಿ ಸಿಲ್ವರ್‌ಸ್ಟೋನ್ ಪಂದ್ಯದಲ್ಲಿ ಬಾವುಟ ಇಳಿದಾಗ ಆ ಕಾರು ಒಂದು ಹೆಜ್ಜೆ ಜಿಗಿದು ಅಲ್ಲಿಯೇ ನಿಂತಿತು. ಚಕ್ರಗಳಿಗೆ ಶಕ್ತಿ ಒಯ್ಯುವ ಭಾಗ ಮುರಿದಿತ್ತು. ನೋಡಲು ಬಂದಿದ್ದವರು ಹಾಸ್ಯ ಮಾಡುತ್ತ ಅದರೊಳಕ್ಕೆ ಚಿಲ್ಲರೆ ಕಾಸುಗಳನ್ನು ಎಸೆದರು. 1952ರಲ್ಲಿ ಆ ಯೋಜನೆಯನ್ನೇ ಮಾರಿಬಿಡಬೇಕಾಯಿತು. ಹಣವಿದ್ದರೂ, ಬುದ್ಧಿಯಿದ್ದರೂ, ಬೇಕಾದ್ದಕ್ಕಿಂತ ತೊಡಕಾದ ಯಂತ್ರವನ್ನು ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಆ ಚಿಲ್ಲರೆ ಕಾಸುಗಳೇ ಸಾಕ್ಷಿ. ಡಕ್‌ವರ್ತ್ ಇದನ್ನು ಮರೆಯಲಿಲ್ಲ. ಹನ್ನೆರಡು, ಹದಿನಾರು ಸಿಲಿಂಡರುಗಳ ಗೊಡವೆಗೆ ಹೋಗದೆ ಎಂಟೇ ಸಾಕೆಂದು ತೀರ್ಮಾನಿಸಿದ. ಸಿಲಿಂಡರು ಹೆಚ್ಚಿದಷ್ಟೂ ಉಜ್ಜುವ ಭಾಗಗಳು ಹೆಚ್ಚು, ತೂಕ ಹೆಚ್ಚು, ಪೆಟ್ರೋಲು ಹೆಚ್ಚು. ಕೈಗೆ ಬರುವ ಶಕ್ತಿ ಮಾತ್ರ ಲೆಕ್ಕದಲ್ಲಿ ತೋರುವಷ್ಟು ಬರುವುದಿಲ್ಲ.

ವೆಚ್ಚವೇಕೆ ಇಷ್ಟು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಓಟದ ಎಂಜಿನ್ನು ಕಟ್ಟಿದವರು ಇದರ ಜೊತೆಗೆ ಮೂರನೆಯದೊಂದನ್ನು ಸೇರಿಸಿಯಾರು.

ನಮ್ಮ ಬೀದಿಗಳಲ್ಲಿ ಬಹುಕಾಲ ಓಡಿದ ಅಂಬಾಸಿಡರ್ ಕಾರನ್ನು ನೆನೆಸಿಕೊಳ್ಳಿ. 1960ರ ದಶಕದ ಅಂಬಾಸಿಡರಿನ ಎಂಜಿನ್ನು ಸುಮಾರು ಒಂದೂವರೆ ಲೀಟರಿನದು. ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ಅದೇ ಲೆಕ್ಕದಲ್ಲಿ ಮೂರು ಲೀಟರಿಗೆ 100 ಅಶ್ವಶಕ್ತಿ ಬರಬೇಕು. ಡಿ. ಎಫ್. ವಿ. ಮೂರು ಲೀಟರಿನಿಂದ ಮೊದಲ ವರ್ಷವೇ ಹೊರಡಿಸಿದುದು 400ಕ್ಕೂ ಮಿಕ್ಕ ಅಶ್ವಶಕ್ತಿ. ಈ ನಾಲ್ಕು ಪಟ್ಟು ಎಲ್ಲಿಂದ ಬಂತು?

ಎಂಜಿನ್ನೆಂದರೆ ಗಾಳಿಯನ್ನು ಸೇದಿ, ಪೆಟ್ರೋಲಿನೊಡನೆ ಬೆರೆಸಿ ಉರಿಸುವ ಯಂತ್ರ. ಒಂದು ನಿಮಿಷದಲ್ಲಿ ಎಷ್ಟು ಹೆಚ್ಚು ಗಾಳಿಯನ್ನು ಚೆನ್ನಾಗಿ ಉರಿಸುತ್ತದೆಯೋ ಅಷ್ಟು ಹೆಚ್ಚು ಶಕ್ತಿ. ಗಾತ್ರವನ್ನು ನಿಯಮ ಕಟ್ಟಿಹಾಕಿದ ಮೇಲೆ ಉಳಿದ ದಾರಿ ಒಂದೇ: ಬೇಗಬೇಗ ತಿರುಗುವುದು. ಡಿ. ಎಫ್. ವಿ. ನಿಮಿಷಕ್ಕೆ 9,000 ಸುತ್ತು ತಿರುಗಬೇಕಾಗಿತ್ತು. ಸೆಕೆಂಡಿಗೆ 150 ಸುತ್ತು. ಪಿಸ್ಟನ್ನು ಒಂದು ಸುತ್ತಿನಲ್ಲಿ ಎರಡು ಸಲ ಪೂರ್ತಿ ನಿಂತು ಹಿಂದಿರುಗುತ್ತದೆ; ಎಂದರೆ ಒಂದು ಸೆಕೆಂಡಿಗೆ 300 ಸಲ ನಿಲ್ಲಬೇಕು, 300 ಸಲ ಮತ್ತೆ ಹೊರಡಬೇಕು. ಅಷ್ಟರಲ್ಲಿ ಪ್ರತಿಯೊಂದು ಕವಾಟವೂ 75 ಸಲ ತೆರೆದು ಮುಚ್ಚಿಕೊಳ್ಳಬೇಕು. ಅಂಥ ಕವಾಟಗಳು ಒಂದು ಸಿಲಿಂಡರಿಗೆ ನಾಲ್ಕರಂತೆ ಒಟ್ಟು 32.

ಇಲ್ಲಿಯೇ ವೆಚ್ಚದ ಗುಟ್ಟು ಅಡಗಿದೆ. ತಿರುಗುವ ವೇಗ ಎರಡರಷ್ಟಾದರೆ ಒಳಗಿನ ಭಾಗಗಳನ್ನು ಎಳೆದು ಹರಿಯುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆದ್ದರಿಂದ ಪ್ರತಿಯೊಂದು ಭಾಗವೂ ಹಗುರವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು. ಅಗ್ಗದ ಲೋಹಕ್ಕೆ ಈ ಎರಡು ಗುಣಗಳೂ ಒಟ್ಟಿಗೆ ಇರುವುದಿಲ್ಲ. ಒಳ್ಳೆಯ ಉಕ್ಕನ್ನು ತಂದು, ಬಡಿದು, ಕಡೆದು, ಹದವಾಗಿ ಕಾಸಿ, ಕೂದಲೆಳೆಯಲ್ಲಿ ಒಂದು ಪಾಲಿನಷ್ಟೂ ಹೆಚ್ಚುಕಡಿಮೆಯಾಗದಂತೆ ಉಜ್ಜಿ ನಯಮಾಡಬೇಕು. ಅಲ್ಯೂಮಿನಿಯಂ ಒಡಲನ್ನು ಎರಕ ಹೊಯ್ಯುವ ಮುನ್ನ ಅದರ ಅಚ್ಚುಗಳನ್ನು ಕೆತ್ತಿಸಬೇಕು; ಎರಕದಲ್ಲಿ ಒಂದು ಸಣ್ಣ ಗುಳ್ಳೆ ಕಂಡರೂ ಅದು ಗುಜರಿಯ ಪಾಲು. ಸಾವಿರಾರು ಕಾರು ಮಾರುವವನಿಗೆ ಈ ಅಚ್ಚಿನ ವೆಚ್ಚ ಒಂದೊಂದು ಕಾರಿನ ಮೇಲೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ. ನಾಲ್ಕಾರು ಎಂಜಿನ್ನು ಮಾಡುವವನ ಮೇಲೆ ಅದು ಇಡಿಯಾಗಿ ಬೀಳುತ್ತದೆ. ಮೊದಲಿನ 100 ಅಶ್ವಶಕ್ತಿ ಅಗ್ಗವಾಗಿ ಸಿಕ್ಕೀತು. ಕೊನೆಯ 10 ಅಶ್ವಶಕ್ತಿಗೆ ಅದಕ್ಕಿಂತ ಹೆಚ್ಚು ತೆರಬೇಕಾದೀತು.

ನಕ್ಷೆಯ ಮುಂದೆ ಒಬ್ಬಂಟಿ

ಎಫ್. ವಿ. ಎ. ಎಂಜಿನ್ನು 1966ರ ಮೊದಲ ಭಾಗದಲ್ಲಿ ಪರೀಕ್ಷೆಯ ಕಟ್ಟೆಯನ್ನೇರಿ ತನ್ನ ಯೋಗ್ಯತೆಯನ್ನು ತೋರಿಸಿತು. 1.6 ಲೀಟರಿನಿಂದ 200ಕ್ಕೂ ಮಿಕ್ಕ ಅಶ್ವಶಕ್ತಿ! ಆಮೇಲೆ ಡಕ್‌ವರ್ತ್ ಕಾರ್ಖಾನೆಯ ಗದ್ದಲವನ್ನು ಬಿಟ್ಟು ಮನೆಯಲ್ಲೇ ನಕ್ಷೆಯ ಹಲಗೆಯ ಮುಂದೆ ಕುಳಿತ. ಸುಮಾರು ಒಂಬತ್ತು ತಿಂಗಳ ಕಾಲ ಬೆಳಗಿನಿಂದ ನಡುರಾತ್ರಿಯವರೆಗೆ ಅದೊಂದೇ ಕೆಲಸ. ಕಾರ್ಖಾನೆಯನ್ನು ಕಾಸ್ಟಿನ್ ನೋಡಿಕೊಂಡ. ಲೋಹ ಕಡೆಯುವುದರಲ್ಲಿ ನಿಪುಣನಾದ ಬೆನ್ ರೂಡ್ ಭಾಗಗಳನ್ನು ಮಾಡಿಸುವ ಹೊಣೆ ಹೊತ್ತ. ಡಕ್‌ವರ್ತನ ಮೈ ಇಳಿದುಹೋಯಿತು. ರೂಪಿಸುವವನು ಸರಿಯಾಗಿ ಯೋಚಿಸದೆ ಬಿಟ್ಟ ತಪ್ಪುಗಳನ್ನು ಆಮೇಲೆ ತಿದ್ದುತ್ತ ಕೂರುವುದಕ್ಕೇ ಜನ ‘ಅಭಿವೃದ್ಧಿ’ ಎಂಬ ದೊಡ್ಡ ಹೆಸರು ಕೊಟ್ಟಿದ್ದಾರೆ ಎಂಬುದು ಆತನ ನಂಬಿಕೆ. ಆದ್ದರಿಂದ ಯೋಚನೆಯೆಲ್ಲ ಕಾಗದದ ಮೇಲೆಯೇ ಮುಗಿಯಬೇಕು. ಕಾಗದದ ಮೇಲಿನ ತಪ್ಪಿಗೆ ರಬ್ಬರಿನ ವೆಚ್ಚ. ಲೋಹದ ಮೇಲಿನ ತಪ್ಪಿಗೆ ಸಾವಿರಾರು ಪೌಂಡು.

ಆತನ ಜಾಣತನ ಕಂಡುದು ಸರಳತೆಯಲ್ಲಿ. ಆ ಕಾಲದ ಓಟದ ಎಂಜಿನ್ನುಗಳಲ್ಲಿ ಕವಾಟಗಳು ಒಂದಕ್ಕೊಂದು ಅಗಲವಾದ ಕೋನದಲ್ಲಿ ವಾಲಿಕೊಂಡಿರುತ್ತಿದ್ದವು. ಡಕ್‌ವರ್ತ್ ಅವುಗಳನ್ನು 32 ಅಂಶಗಳ ಕಿರಿದಾದ ಕೋನದಲ್ಲಿ ಹತ್ತಿರ ಹತ್ತಿರ ನಿಲ್ಲಿಸಿದ. ಉರಿಯುವ ಕೋಣೆ ಮಂಗಳೂರು ಹೆಂಚಿನ ಮನೆಯ ಮಾಡಿನಂತೆ ತಗ್ಗಾಗಿ, ಒತ್ತಾಗಿ ಉಳಿಯಿತು. ಗಾಳಿ ನೇರವಾಗಿ ಒಳನುಗ್ಗಿತು. ಉರಿ ಬೇಗ ಹಬ್ಬಿತು. ನೀರು, ಎಣ್ಣೆಗಳ ಪಂಪುಗಳನ್ನು ಎಂಜಿನ್ನಿನ ಮುಂದೆ ನೇತುಹಾಕುವ ಬದಲು ಕೆಳಗೆ ಎರಡು ಮಗ್ಗುಲಿಗೂ ಅಂಟಿಸಿ ಉದ್ದವನ್ನು ಮೊಟಕುಮಾಡಿದ. ಇಡೀ ಎಂಜಿನ್ನು ಸುಮಾರು 168 ಕಿಲೋಗ್ರಾಂ ತೂಗಿತು. ಅದಕ್ಕಿಂತಲೂ ಮುಖ್ಯವಾದುದು, ಎಂಜಿನ್ನೇ ಕಾರಿನ ಬೆನ್ನೆಲುಬಾಗುವಂತೆ ಆತನೂ ಚಾಪ್ಮನ್‌ನೂ ಮೊದಲೇ ಮಾತಾಡಿಕೊಂಡಿದ್ದರು. ಚಾಲಕನ ಬೆನ್ನ ಹಿಂದೆ ಕಾರಿನ ಒಡಲು ಮುಗಿಯುತ್ತಿತ್ತು. ಎಂಜಿನ್ನನ್ನು ಅದಕ್ಕೆ ಬಿಗಿದು, ಹಿಂದಿನ ಚಕ್ರಗಳನ್ನು ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ಜೋಡಿಸಿದರು. ಹಿಂಬದಿಯ ಚೌಕಟ್ಟಿನ ತೂಕವೂ ಉಳಿಯಿತು, ಖರ್ಚೂ ಉಳಿಯಿತು. 1967ರ ಏಪ್ರಿಲಿನಲ್ಲಿ ಮೊದಲ ಎಂಜಿನ್ನು ಲೋಟಸ್‌ನ ಕೈ ಸೇರಿತು. ಜೂನ್ ಬರುವುದಕ್ಕೆ ಉಳಿದಿದ್ದುದು ಕೆಲವೇ ವಾರಗಳು.

ಮುರಿದ ಹಲ್ಲು

ಜಾಂಡ್‌ವೋರ್ಟ್‌ನ ಗೆಲುವಿನ ಮರುದಿನದಿಂದಲೇ ಹಲ್ಲುಚಕ್ರದ ಚಿಂತೆ ತೊಡಗಿತು. ಕವಾಟಗಳನ್ನು ಒತ್ತುವ ದಂಡಕ್ಕೆ ಈ ಚಕ್ರಗಳ ಸಾಲೇ ಶಕ್ತಿ ಒಯ್ಯುವುದು. ದಂಡ ಕವಾಟವನ್ನು ಒತ್ತುವಾಗ ಸುರುಳಿ ತಡೆಯುತ್ತದೆ. ಕವಾಟ ಮುಚ್ಚುವಾಗ ಅದೇ ಸುರುಳಿ ದಂಡವನ್ನು ಮುಂದಕ್ಕೆ ತಳ್ಳುತ್ತದೆ. ಹೀಗೆ ಸೆಕೆಂಡಿಗೆ ನೂರಾರು ಸಲ ಚಕ್ರದ ಹಲ್ಲುಗಳು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಪೆಟ್ಟು ತಿನ್ನುತ್ತಿದ್ದವು. ಆ ಪೆಟ್ಟುಗಳು ಲೆಕ್ಕದಲ್ಲಿ ಹಿಡಿದುದಕ್ಕಿಂತ ಬಹಳ ಜೋರಾಗಿದ್ದವು. ಕಾಗದದ ಮೇಲೆಯೇ ಎಲ್ಲವನ್ನೂ ಮುಗಿಸಬೇಕೆಂದಿದ್ದವನಿಗೆ ಕಾಗದ ಹೇಳದಿದ್ದ ಸಂಗತಿಯೊಂದು ಉಳಿದೇಹೋಗಿತ್ತು.

ಆ ವರ್ಷ ಕ್ಲಾರ್ಕ್ ಹಾಲೆಂಡ್, ಬ್ರಿಟನ್, ಅಮೆರಿಕ, ಮೆಕ್ಸಿಕೋ ಹೀಗೆ ನಾಲ್ಕು ಗ್ರ್ಯಾಂಡ್ ಪ್ರಿಗಳನ್ನು ಗೆದ್ದ. ಎಲ್ಲರಿಗಿಂತ ವೇಗದ ಕಾರು ಲೋಟಸ್ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೂ ವರ್ಷದ ಕೊನೆಗೆ ವಿಶ್ವವಿಜೇತನಾದವನು ಬ್ರಾಭಾಮ್ ಕಾರಿನ ಡೆನಿ ಹುಲ್ಮ್, ಎರಡನೆಯವನು ಜಾಕ್ ಬ್ರಾಭಾಮ್, ಕ್ಲಾರ್ಕ್ ಮೂರನೆಯವನು. ಬ್ರಾಭಾಮ್ ತಂಡದ ಎಂಜಿನ್ನು ಆಸ್ಟ್ರೇಲಿಯದ ರೆಪ್ಕೋ ಸಂಸ್ಥೆಯದು. 1966ರಲ್ಲಿ ಅದನ್ನು ಕಟ್ಟಿದುದು ಅಮೆರಿಕದ ಓಲ್ಡ್ಸ್‌ಮೊಬೀಲ್ ಕಾರಿನ ಎಂಜಿನ್ನಿನ ಅಲ್ಯೂಮಿನಿಯಂ ಒಡಲನ್ನು ಬಳಸಿಕೊಂಡು. ಶಕ್ತಿ ಕಡಿಮೆ, ಆದರೆ ಹೊರಟರೆ ಮನೆ ಸೇರುತ್ತಿತ್ತು. ದುಬಾರಿ ಕುದುರೆ ನಡುದಾರಿಯಲ್ಲಿ ಕುಂಟಿದಾಗ ಮಿತವಾದ ಕುದುರೆ ಗುರಿ ಮುಟ್ಟಿತು. ಓಟದ ಎಂಜಿನ್ನಿಗೆ ಹಣ ಸುರಿಯುವವರೆಲ್ಲ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದ ಪಾಠ ಇದು. ಕೊನೆಗೆ ಡಕ್‌ವರ್ತ್ ಚಕ್ರದ ನಡುವೆ ಸಣ್ಣ ಸಣ್ಣ ಉಕ್ಕಿನ ಸಲಾಕೆಗಳನ್ನು ಇರಿಸಿ, ಅವು ತುಸುವೇ ತಿರುಚಿಕೊಂಡು ಪೆಟ್ಟನ್ನು ನುಂಗುವಂತೆ ಮಾಡಿದ. ಹಲ್ಲುಗಳು ಉಳಿದುಕೊಂಡವು.

ಅಂಗಡಿಗೆ ಬಂದ ಶಕ್ತಿ

ಮೊದಲ ವರ್ಷ ಈ ಎಂಜಿನ್ನು ಲೋಟಸ್‌ಗೆ ಮಾತ್ರ ಮೀಸಲಾಗಿತ್ತು. ಆದರೆ ವಾಲ್ಟರ್ ಹೇಯ್ಸ್ ದೂರ ಯೋಚಿಸಿದ. ಒಂದೇ ತಂಡ ಗೆಲ್ಲುತ್ತ ಹೋದರೆ ಪಂದ್ಯದ ಸ್ವಾರಸ್ಯ ಕೆಡುತ್ತದೆ. ಎದುರಾಳಿಯಿಲ್ಲದ ಗೆಲುವಿನಿಂದ ಫೋರ್ಡಿಗೆ ಬರುವ ಕೀರ್ತಿಯೂ ಅಷ್ಟಕ್ಕಷ್ಟೆ. ಎಂಜಿನ್ನನ್ನು ಇತರರಿಗೂ ಮಾರೋಣವೆಂದು ಆತ ಸೂಚಿಸಿದಾಗ ಚಾಪ್ಮನ್ ಒಪ್ಪಿದ. 1968ರಿಂದ ಡಿ. ಎಫ್. ವಿ. ಮಾರಾಟಕ್ಕೆ ಬಂತು. ಬೆಲೆ 7,500 ಪೌಂಡು.

ಆಗಿನ ರೂಪಾಯಿಯ ಲೆಕ್ಕದಲ್ಲಿ ಅದು 1 ಲಕ್ಷ 35 ಸಾವಿರ. ಸಿರಿವಂತರ ಕನಸಾಗಿದ್ದ ಜಾಗ್ವಾರ್ ಇ-ಟೈಪ್ ಕಾರು 1961ರಲ್ಲಿ ಇಂಗ್ಲೆಂಡಿನ ಪೇಟೆಗೆ ಬಂದಾಗ ಅದರ ಬೆಲೆ 2,000 ಪೌಂಡಿಗಿಂತ ತುಸು ಹೆಚ್ಚು. ಚಕ್ರವಿಲ್ಲದ, ಆಸನವಿಲ್ಲದ, ಬರಿಯ ಎಂಜಿನ್ನಿಗೆ ಅಂಥ ಮೂರು ಕಾರುಗಳ ಬೆಲೆ! ಕೊಂಡ ಮೇಲೂ ಖರ್ಚು ನಿಲ್ಲುತ್ತಿರಲಿಲ್ಲ. ಮನೆಯ ಕಾರು ಸಾವಿರಾರು ಮೈಲಿ ಓಡಿದರೂ ಎಂಜಿನ್ನನ್ನು ಬಿಚ್ಚುವ ಪ್ರಮೇಯವಿರುವುದಿಲ್ಲ. ಓಟದ ಎಂಜಿನ್ನನ್ನು ಕೆಲವು ನೂರು ಮೈಲಿಗೊಮ್ಮೆ ಪೂರ್ತಿ ಬಿಚ್ಚಿ, ಒಂದೊಂದು ಭಾಗದಲ್ಲಿಯೂ ಬಿರುಕು ಹುಡುಕಿ, ಸವೆದುದನ್ನು ಎಸೆದು ಹೊಸದನ್ನು ಹಾಕಬೇಕು. ಒಂದು ಎಂಜಿನ್ನು ಕಾರಿನಲ್ಲಿದ್ದರೆ ಇನ್ನೊಂದು ಬಿಚ್ಚಿಟ್ಟಿರುತ್ತಿತ್ತು, ಮತ್ತೊಂದು ಕಾದಿಟ್ಟಿರುತ್ತಿತ್ತು.

ಹಾಗಿದ್ದರೂ ಈ 7,500 ಪೌಂಡು ಸಣ್ಣವರ ಪಾಲಿಗೆ ವರವಾಯಿತು. ಇಟಲಿಯ ಫೆರಾರಿ ಸಂಸ್ಥೆ ತನ್ನ ಎಂಜಿನ್ನನ್ನು ತಾನೇ ಮಾಡಿಕೊಳ್ಳುತ್ತಿತ್ತು. ಅದಕ್ಕೆ ಎರಕದ ಮನೆ, ನಕ್ಷೆಗಾರರು, ಪರೀಕ್ಷೆಯ ಕಟ್ಟೆಗಳು ಎಲ್ಲ ಬೇಕು. ಇಂಗ್ಲೆಂಡಿನಲ್ಲಾದರೋ, ಕಾರು ರೂಪಿಸಬಲ್ಲ ಒಬ್ಬ ಜಾಣನೂ ಕೆಲವು ಕುಶಲ ಕೆಲಸಗಾರರೂ ಇದ್ದರೆ ಸಾಕಾಯಿತು. ಕಾಸ್‌ವರ್ತಿನಿಂದ ಎಂಜಿನ್ನು, ಹ್ಯೂಲ್ಯಾಂಡ್ ಸಂಸ್ಥೆಯಿಂದ ಗೇರು ಪೆಟ್ಟಿಗೆ ಕೊಂಡುತಂದು ಗ್ರ್ಯಾಂಡ್ ಪ್ರಿಗೆ ಹೊರಡಬಹುದಾಗಿತ್ತು. ಮರದ ವ್ಯಾಪಾರಿಯಾಗಿದ್ದ ಕೆನ್ ಟಿರೆಲ್ ಹಾಗೆಯೇ ಹೊರಟವನು. 1969ರಲ್ಲಿ ಆತನ ತಂಡದ ಜಾಕಿ ಸ್ಟೂವರ್ಟ್ ಡಿ. ಎಫ್. ವಿ.ಯಿಂದ ವಿಶ್ವವಿಜೇತನಾದ. ಆ ವರ್ಷದ ಹನ್ನೊಂದು ಗ್ರ್ಯಾಂಡ್ ಪ್ರಿಗಳಲ್ಲಿ ಹನ್ನೊಂದನ್ನೂ ಈ ಎಂಜಿನ್ನೇ ಗೆದ್ದಿತು. ಮೆಕ್‌ಲ್ಯಾರೆನ್, ಬ್ರಾಭಾಮ್, ವಿಲಿಯಮ್ಸ್ ಮೊದಲಾದ ತಂಡಗಳೂ ಇದನ್ನೇ ನೆಚ್ಚಿ ಬೆಳೆದವು. ಒಬ್ಬನಿಗಾಗಿ ಲಕ್ಷ ಪೌಂಡು ಸುರಿದು ಕಟ್ಟಿದ ಎಂಜಿನ್ನು ಹತ್ತಾರು ಮಂದಿಗೆ ಬಾಗಿಲು ತೆರೆಯಿತು.

ಲೆಕ್ಕಕ್ಕೆ ಸಿಗದ ವೆಚ್ಚ

ಇಷ್ಟೂ ಪೌಂಡಿನ ಲೆಕ್ಕ. ಪೌಂಡಿನಲ್ಲಿ ಅಳೆಯಲಾಗದ ಲೆಕ್ಕವೂ ಉಂಟು.

1968ರ ಜನವರಿ 1ರಂದು ದಕ್ಷಿಣ ಆಫ್ರಿಕದ ಕಿಯಾಲಾಮಿಯಲ್ಲಿ ಜಿಮ್ ಕ್ಲಾರ್ಕ್ ಡಿ. ಎಫ್. ವಿ.ಯ ಬಲದಿಂದ ತನ್ನ ಇಪ್ಪತ್ತೈದನೆಯ ಗ್ರ್ಯಾಂಡ್ ಪ್ರಿ ಗೆದ್ದ. ಅದೇ ಆತನ ಕೊನೆಯ ಗ್ರ್ಯಾಂಡ್ ಪ್ರಿಯಾಯಿತು. ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮಿನಲ್ಲಿ ಎರಡನೆಯ ದರ್ಜೆಯ ಪಂದ್ಯವೊಂದರಲ್ಲಿ ಆತನ ಕಾರು ಹಾದಿ ಬಿಟ್ಟು ಮರಗಳಿಗೆ ಬಡಿಯಿತು. ಆತನಿಗೆ ಆಗ ಮೂವತ್ತೆರಡು ವರ್ಷ. ಆ ಕಾರಿನಲ್ಲಿದ್ದುದು ಅದೇ ಲಕ್ಷ ಪೌಂಡಿನ ಇನ್ನೊಂದು ಕೂಸಾದ ಎಫ್. ವಿ. ಎ. ತಪ್ಪು ಎಂಜಿನ್ನಿನದೆಂದು ಯಾರೂ ಹೇಳಲಿಲ್ಲ. ಆದರೆ ವೇಗವನ್ನು ಕೊಂಡುಕೊಡುವ ಹಣ ಅದಕ್ಕೆ ತಕ್ಕ ರಕ್ಷಣೆಯನ್ನು ಕೊಂಡುಕೊಟ್ಟಿರಲಿಲ್ಲ. ಆ ಹಾದಿಯ ಅಂಚಿನಲ್ಲಿ ಮರಗಳಿದ್ದವು, ತಡೆಬೇಲಿ ಇರಲಿಲ್ಲ. ಆ ವರ್ಷ ಕುಗ್ಗಿಹೋದ ತಂಡವನ್ನು ಎತ್ತಿ ನಿಲ್ಲಿಸಿ ವಿಶ್ವವಿಜೇತನಾದವನು ಗ್ರಹಾಂ ಹಿಲ್.

ಡಕ್‌ವರ್ತ್ ಕೂಡ ತನ್ನ ಪಾಲನ್ನು ತೆತ್ತ. 1973ರಲ್ಲಿ, ಇನ್ನೂ ನಲವತ್ತರ ಆಸುಪಾಸಿನಲ್ಲಿರುವಾಗಲೇ, ಹೃದಯಾಘಾತವಾಯಿತು. 1980ರಲ್ಲಿ ತಾವು ಕಟ್ಟಿದ ಸಂಸ್ಥೆಯನ್ನು ಬೇರೊಂದು ಕಂಪನಿಗೆ ಮಾರಲಾಯಿತು. 2005ರ ಡಿಸೆಂಬರಿನಲ್ಲಿ, 72ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ.

ಒಂದು ಗೆಲುವಿಗೆ ಎಷ್ಟು?

1977ರಲ್ಲಿ ಫ್ರಾನ್ಸಿನ ರೆನೋ ಸಂಸ್ಥೆ ಗಾಳಿಯನ್ನು ಒತ್ತಿ ತುಂಬುವ ಹೊಸ ಬಗೆಯ ಎಂಜಿನ್ನನ್ನು ಪಂದ್ಯಕ್ಕೆ ತಂದಿತು. ಮೊದಲು ನಕ್ಕವರೇ ಕೆಲವು ವರ್ಷಗಳಲ್ಲಿ ಅದರ ಬೆನ್ನು ಹತ್ತಿದರು. ದೊಡ್ಡ ದೊಡ್ಡ ಕಂಪನಿಗಳ ಹಣ ಹೊಳೆಯಾಗಿ ಹರಿಯಿತು. ಸಣ್ಣವರ ಕಾಲ ಮುಗಿಯುತ್ತ ಬಂತು. 1983ರ ಜೂನ್ 5ರಂದು ಅಮೆರಿಕದ ಡೆಟ್ರಾಯಿಟ್ ನಗರದ ಬೀದಿಗಳಲ್ಲಿ ಟಿರೆಲ್ ತಂಡದ ಮಿಕೇಲೆ ಅಲ್ಬೊರೆಟೊ ಈ ಎಂಜಿನ್ನಿನ ಕೊನೆಯ ಗ್ರ್ಯಾಂಡ್ ಪ್ರಿ ಗೆಲುವನ್ನು ತಂದ. ಜಾಂಡ್‌ವೋರ್ಟ್‌ನ ದಿನಕ್ಕೆ ಅಂದಿಗೆ ಹದಿನಾರು ವರ್ಷ, ಒಂದು ದಿನ. ಒಟ್ಟು ಗೆಲುವುಗಳು 155. ಚಾಲಕರ ವಿಶ್ವಪ್ರಶಸ್ತಿಗಳು 12. ಫ್ರಾನ್ಸಿನ ಲೆ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಓಟದಲ್ಲಿ, 1975 ಮತ್ತು 1980ರಲ್ಲಿ, ಬಂದ ಎರಡು ಗೆಲುವುಗಳು ಇದಕ್ಕೆ ಹೊರತು.

ಈಗಿನ ಗ್ರ್ಯಾಂಡ್ ಪ್ರಿಯಲ್ಲಿ ಎಂಜಿನ್ನು ಮಾಡುವ ಸಂಸ್ಥೆಯೊಂದು ವರ್ಷಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಖರ್ಚು ಮಾಡಕೂಡದೆಂದು 2023ರಿಂದ ನಿಯಮ ಜಾರಿಗೆ ಬಂತು. ಆಗ ಗೊತ್ತುಮಾಡಿದ ಮಿತಿ ಒಂಬತ್ತೂವರೆ ಕೋಟಿ ಡಾಲರು! ಹಣದ ಬೆಲೆ ಎಷ್ಟೇ ಇಳಿದಿದೆಯೆಂದರೂ ಡಕ್‌ವರ್ತ್ ಕೇಳಿದ ಲಕ್ಷ ಪೌಂಡಿಗೂ ಇದಕ್ಕೂ ಹೋಲಿಕೆಯಿಲ್ಲ.

ಆ ಲಕ್ಷ ಪೌಂಡನ್ನು 155 ಗೆಲುವುಗಳಿಗೆ ಹಂಚಿ ನೋಡಿದರೆ ಒಂದು ಗೆಲುವಿಗೆ ಫೋರ್ಡ್ ಸಂಸ್ಥೆ ಮೊದಲು ಹೂಡಿದ ಹಣ ಸುಮಾರು 645 ಪೌಂಡು. 1959ರಲ್ಲಿ ಅದೇ ಫೋರ್ಡ್ ಸಂಸ್ಥೆ ತನ್ನ ಆಂಗ್ಲಿಯ ಕಾರನ್ನು ಪೇಟೆಗೆ ತಂದಾಗ ಒಂದಕ್ಕೆ ಇಟ್ಟ ಬೆಲೆ 590 ಪೌಂಡಿನ ಸುಮಾರು. ಡಕ್‌ವರ್ತನೂ ಕಾಸ್ಟಿನ್‌ನೂ ಅಂದು ತಮ್ಮ ಸಣ್ಣ ಕಾರ್ಖಾನೆಯಲ್ಲಿ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡುದು ಆ ಸಂಸಾರಸ್ಥರ ಕಾರಿನ ಎಂಜಿನ್ನಿನ ಮೇಲೆಯೇ.